ಬಿಟ್ಟಿ ಚಾಕರಿ ಅಲ್ಲ, ಕಸುಬಿನ ಕಲಿಕೆ



ಗಿರವಿ ಅಂಗಡಿ ನಿಮಗೆಲ್ಲ ಗೊತ್ತು. ಮಗುವಿಗೆ ಜ್ವರ ಬಂತು, ಕೈಯಲ್ಲಿ ಕಾಸಿಲ್ಲ. ಆಗ ಕಿವಿಯ ಓಲೆ ಬಿಚ್ಚಿ ಗಿರವಿ ಇಡ್ತೀವಿ. ಬಿಡಿಸಿಕೊಳ್ಳೋವರೆಗೆ ನಿದ್ದೆ ಬರೋದಿಲ್ಲ.

ಇಂಗ್ಲೆಂಡ್ ದೇಶದಲ್ಲೂ ಇಂಥ ಅಂಗಡಿಗಳಿದ್ದವು. ಇದು ಸುಮಾರು 180 ವರ್ಷಗಳ ಹಿಂದಿನ ಮಾತು. ಅಲ್ಲಿನ ಬಡ ಹೆಂಗಸರು ಸೋಮವಾರ ಗಂಟು ಹೊತ್ತುಕೊಂಡು ಬರುತ್ತಿದ್ದರು. ಗಂಟಿನಲ್ಲಿ ಮನೆಯವರ ಒಳ್ಳೆಯ ಬಟ್ಟೆ ಇರುತ್ತಿತ್ತು. ಅದನ್ನು ಅಡ ಇಟ್ಟು ಆ ವಾರದ ಊಟ ನಡೆಸುತ್ತಿದ್ದರು. ಶನಿವಾರ ಕೂಲಿ ಬಂದ ಮೇಲೆ ಬಿಡಿಸಿಕೊಂಡು ಹೋಗುತ್ತಿದ್ದರು. ಸೋಮವಾರ ಮತ್ತೆ ಅದೇ ಗಂಟು, ಅದೇ ಅಂಗಡಿ.

ನಾಟಿಂಗ್‌ಹ್ಯಾಮ್ ಎಂಬ ಊರಿನ ಗಿರವಿ ಅಂಗಡಿಯಲ್ಲಿ ಒಬ್ಬ ಹುಡುಗ ಕೆಲಸಕ್ಕಿದ್ದ. ಅವನ ಹೆಸರು ವಿಲಿಯಂ ಬೂತ್. ಹುಟ್ಟಿದ್ದು 1829ರಲ್ಲಿ. 13 ವರ್ಷಕ್ಕೇ ಅವನನ್ನು ಕೆಲಸ ಕಲಿಯಲು ಅಲ್ಲಿ ಬಿಟ್ಟಿದ್ದರು. ಮರುವರ್ಷ ತಂದೆ ತೀರಿಕೊಂಡರು. ಮನೆಯಲ್ಲಿ ಬಡತನ ಬಂತು. ಹೆಂಗಸರು ಅಡ ಇಡೋದನ್ನು ಆ ಹುಡುಗ ದಿನಾ ನೋಡುತ್ತಿದ್ದ.

1848ರಲ್ಲಿ ಅವನ ಕಲಿಕೆಯ ಅವಧಿ ಮುಗಿಯಿತು. ಆಗ ಅವನ ವಯಸ್ಸು 19. ಆಮೇಲೆ ಸುಮಾರು ಒಂದು ವರ್ಷ ಕೆಲಸವೇ ಸಿಗಲಿಲ್ಲ. ಕೊನೆಗೆ ಕೆಲಸ ಹುಡುಕಿಕೊಂಡು ಲಂಡನ್ ಪಟ್ಟಣಕ್ಕೆ ಹೋದ.

ಈ ಹುಡುಗನೇ ಮುಂದೆ ಒಂದು ದೊಡ್ಡ ಸಂಸ್ಥೆ ಕಟ್ಟಿದ. ಅದರ ಹೆಸರು ಸಾಲ್ವೇಷನ್ ಆರ್ಮಿ. ಕೆಲಸ ಇಲ್ಲದವರಿಗೆ ಈ ಸಂಸ್ಥೆ ಏನು ಮಾಡಿತು? ಎಲ್ಲಿ ಸರಿ ನಡೆಯಿತು? ಎಲ್ಲಿ ಎಡವಿತು? ಅದರಿಂದ ನಾವೇನು ತಿಳಿಯಬೇಕು? ಈ ಪಾಠದಲ್ಲಿ ನೋಡೋಣ.

ಇದೆಂಥ ಸೈನ್ಯ?

ಆರ್ಮಿ ಅಂದರೆ ಸೈನ್ಯ. ಆದರೆ ಇವರ ಕೈಯಲ್ಲಿ ಬಂದೂಕು ಇಲ್ಲ. ಇದು ಕ್ರೈಸ್ತ ಧರ್ಮದವರ ಸೇವಾ ಸಂಸ್ಥೆ. ಸೈನಿಕರ ಹಾಗೆ ಸಮವಸ್ತ್ರ ಹಾಕುತ್ತಾರೆ. ಬೀದಿಯಲ್ಲಿ ಬ್ಯಾಂಡು ಬಾರಿಸಿಕೊಂಡು ಹೋಗುತ್ತಾರೆ. ಅವರ ಮುಖ್ಯಸ್ಥರಿಗೆ ಜನರಲ್ ಅಂತಲೇ ಹೆಸರು.

ವಿಲಿಯಂ ಬೂತ್ 1865ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಕೆಲಸ ಶುರು ಮಾಡಿದರು. ಅದು ಬಡವರ ಕೇರಿ. 1878ರಲ್ಲಿ ಸಂಸ್ಥೆಗೆ ಸಾಲ್ವೇಷನ್ ಆರ್ಮಿ ಎಂಬ ಹೆಸರು ಬಂತು. ಹೆಂಡತಿ ಕ್ಯಾಥರೀನ್ ಬೂತ್ ಅವರದೂ ಇದರಲ್ಲಿ ಸಮಪಾಲು. ಆ ಕಾಲದಲ್ಲಿ ಚರ್ಚಿನ ವೇದಿಕೆ ಹತ್ತಿ ಹೆಂಗಸರು ಮಾತಾಡುವ ರೂಢಿ ಇರಲಿಲ್ಲ. ಕ್ಯಾಥರೀನ್ ಹತ್ತಿ ಮಾತಾಡಿದರು. ಹೆಂಗಸರಿಗೂ ಆ ಹಕ್ಕಿದೆ ಎಂದು ಪುಸ್ತಿಕೆ ಬರೆದರು. ಈ ಸಂಸ್ಥೆಯಲ್ಲಿ ಹೆಂಗಸರೂ ಅಧಿಕಾರಿಗಳಾದರು.

ಹಸಿದವನಿಗೆ ಬರೀ ಧರ್ಮದ ಮಾತು ಹೇಳಿದರೆ ಕಿವಿಗೆ ಬೀಳುವುದಿಲ್ಲ ಅಂತ ಬೂತ್ ಅವರಿಗೆ ಗೊತ್ತಿತ್ತು. ಮೊದಲು ಊಟ ಹಾಕಬೇಕು. ಆದರೆ ಇವತ್ತು ಊಟ ಹಾಕಿದರೆ ನಾಳೆ ಮತ್ತೆ ಹಸಿವು. ಹಾಗಾದರೆ ಏನು ಮಾಡೋದು?

1890ರಲ್ಲಿ ಬೂತ್ ಒಂದು ಪುಸ್ತಕ ಬರೆದರು. ಅದರಲ್ಲಿ ಕುದುರೆಯ ಹೋಲಿಕೆ ಕೊಟ್ಟರು. ಲಂಡನ್ನಿನ ಜಟಕಾ ಕುದುರೆ ಬೀದಿಯಲ್ಲಿ ಮುಗ್ಗರಿಸಿ ಬಿತ್ತು ಅನ್ನಿ. ಜನ ಓಡಿ ಬಂದು ಎತ್ತಿ ನಿಲ್ಲಿಸ್ತಾರೆ. ಯಾಕೆ ಬಿದ್ದೆ ಅಂತ ಅದನ್ನು ಬೈಯುವುದಿಲ್ಲ. ಕುದುರೆಗೆ ಮೇವು ಉಂಟು, ಲಾಯ ಉಂಟು, ಕೆಲಸವೂ ಉಂಟು. ಕುದುರೆಗೆ ಸಿಗೋದು ಮನುಷ್ಯನಿಗೆ ಸಿಗಬಾರದೇ? ಇದು ಅವರ ಪ್ರಶ್ನೆ.

ಕೆಲಸ ಹುಡುಕಿಕೊಡುವ ಕಚೇರಿ

ಅದೇ 1890ರಲ್ಲಿ ಸಾಲ್ವೇಷನ್ ಆರ್ಮಿ ಲಂಡನ್ನಿನಲ್ಲಿ ಒಂದು ಕಚೇರಿ ತೆರೆಯಿತು. ಕೆಲಸ ಬೇಕಾದವರು ಅಲ್ಲಿ ಹೆಸರು ಬರೆಸಬಹುದು. ಆಳು ಬೇಕಾದ ಧಣಿಗಳು ಅಲ್ಲಿ ಬಂದು ಕೇಳಬಹುದು. ಇಂಥ ಕಚೇರಿಗಳನ್ನು ಇಂಗ್ಲೆಂಡಿನ ಸರ್ಕಾರ ದೇಶದ ತುಂಬ ತೆರೆದದ್ದು 1910ರಲ್ಲಿ. ಅಂದರೆ 20 ವರ್ಷ ಆದ ಮೇಲೆ.

ಆದರೆ ಹೆಸರು ಬರೆಸಿದರೆ ಸಾಕೇ? ಎಷ್ಟೋ ಜನಕ್ಕೆ ಯಾವ ಕಸುಬೂ ಬರುತ್ತಿರಲಿಲ್ಲ. ಕೆಲವರು ಕುಡಿತಕ್ಕೆ ಬಿದ್ದು ಕೆಲಸದ ಅಭ್ಯಾಸವನ್ನೇ ಮರೆತಿದ್ದರು. ಅವರನ್ನು ಯಾರು ಕರೀತಾರೆ?

ಅದಕ್ಕೇ 1891ರಲ್ಲಿ ಸಂಸ್ಥೆ ಹ್ಯಾಡ್ಲಿ ಎಂಬ ಊರಲ್ಲಿ ನೂರಾರು ಎಕರೆ ಜಮೀನು ಕೊಂಡಿತು. ಅದು ಲಂಡನ್ನಿಗೆ ಪೂರ್ವದಲ್ಲಿ, ಥೇಮ್ಸ್ ನದಿ ಸಮುದ್ರ ಸೇರುವ ಕಡೆಗಿದೆ. ಕೆಲಸವಿಲ್ಲದ ಗಂಡಸರು ಅಲ್ಲಿಗೆ ಬಂದರು. ತರಕಾರಿ ಬೆಳೆದರು. ಹಣ್ಣಿನ ತೋಟ ಮಾಡಿದರು. ಕೋಳಿ, ದನ ಸಾಕಿದರು. ಇಟ್ಟಿಗೆ ಕೊಯ್ದು ಸುಟ್ಟರು. ಅವರಿಗೆ ಮಲಗಲು ಜಾಗ, ಊಟ, ಜೊತೆಗೆ ಸ್ವಲ್ಪ ಕಾಸು ಸಿಗುತ್ತಿತ್ತು. ಕುಡಿಯುವ ಹಾಗಿರಲಿಲ್ಲ. ಕೆಲಸ ಕಲಿತ ಮೇಲೆ ಬೇರೆ ಕಡೆ ಹೋಗಿ ದುಡಿಯಬೇಕು. ಇದು ಅಲ್ಲಿನ ಕ್ರಮ.

ಒಂದೇ ಸಂಸ್ಥೆ, ಎರಡು ಕಥೆ

ಇಲ್ಲಿ ನಿಂತು ಯೋಚನೆ ಮಾಡಿ. ಊಟ ಕೊಟ್ಟು ಕೆಲಸ ಮಾಡಿಸಿದರೆ ಅದು ಕಲಿಕೆಯೇ? ಅಥವಾ ಅಗ್ಗದ ಕೂಲಿಯೇ?

ಮೊದಲ ಕಥೆ ಬೆಂಕಿಕಡ್ಡಿಯದು. ಆಗ ಲಂಡನ್ನಿನ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಹೆಂಗಸರೇ ಹೆಚ್ಚು ದುಡಿಯುತ್ತಿದ್ದರು. ಕಡ್ಡಿಯ ತುದಿಗೆ ಬಿಳಿ ರಂಜಕ ಹಚ್ಚುತ್ತಿದ್ದರು. ಅದು ವಿಷ. ಅದರ ಹೊಗೆ ಕುಡಿದು ಕುಡಿದು ದವಡೆಯ ಮೂಳೆ ಕೊಳೆಯುತ್ತಿತ್ತು. ಸಾಲ್ವೇಷನ್ ಆರ್ಮಿ 1891ರಲ್ಲಿ ತನ್ನದೇ ಬೆಂಕಿಕಡ್ಡಿ ಕಾರ್ಖಾನೆ ತೆರೆಯಿತು. ಅಲ್ಲಿ ವಿಷವಲ್ಲದ ಕೆಂಪು ರಂಜಕ ಬಳಸಿದರು. ಬೇರೆ ಕಡೆಗಿಂತ ಹೆಚ್ಚು ಕೂಲಿ ಕೊಟ್ಟರು. ಹೆಂಗಸರ ದವಡೆ ಉಳಿಯಿತು. 1901ರಲ್ಲಿ ಅಲ್ಲಿನ ದೊಡ್ಡ ಕಂಪನಿಯೂ ಬಿಳಿ ರಂಜಕ ಬಿಟ್ಟಿತು. ಕೊನೆಗೆ ಕಾನೂನೇ ಬಂದು ಅದನ್ನು ನಿಲ್ಲಿಸಿತು.

ಎರಡನೆಯ ಕಥೆ ಮರಗೆಲಸದ್ದು. ಲಂಡನ್ನಿನ ಹ್ಯಾನ್‌ಬರಿ ಬೀದಿಯಲ್ಲಿ ಈ ಸಂಸ್ಥೆಯ ಮರಗೆಲಸದ ಕೇಂದ್ರ ಇತ್ತು. ಕೆಲಸ ಇಲ್ಲದ ಬಡಗಿಗಳು ಅಲ್ಲಿ ಬಂದು ದುಡಿಯುತ್ತಿದ್ದರು. ಅವರಿಗೆ ಊಟ, ವಸತಿ, ಚಿಲ್ಲರೆ ಕಾಸು. ಹೊರಗಿನ ಬಡಗಿಗಳ ಸಂಘಕ್ಕೆ ಸಿಟ್ಟು ಬಂತು. "ನೀವು ಹೀಗೆ ಅಗ್ಗಕ್ಕೆ ಬಾಗಿಲು, ಕಿಟಕಿ ಮಾಡಿಸಿದರೆ ನಮಗೆ ಕೂಲಿ ಕೊಡೋರು ಯಾರು? ನಮ್ಮ ಹೊಟ್ಟೆ ಮೇಲೆ ಹೊಡೀತೀರಲ್ಲ" ಎಂಬುದು ಅವರ ದೂರು. 1907ರ ಹೊತ್ತಿಗೆ ಈ ಜಗಳ ದೊಡ್ಡದಾಯಿತು.

ನೋಡಿ, ಸಂಸ್ಥೆ ಒಂದೇ. ಉದ್ದೇಶವೂ ಬಡವರಿಗೆ ಒಳ್ಳೆಯದು ಮಾಡಬೇಕು ಎಂಬುದೇ. ಬೆಂಕಿಕಡ್ಡಿ ಕಾರ್ಖಾನೆಯಲ್ಲಿ ಕೂಲಿ ಏರಿತು. ಮರಗೆಲಸದ ಕೇಂದ್ರದಿಂದ ಹೊರಗಿನವರ ಕೂಲಿ ಇಳಿಯುತ್ತೆ ಎಂಬ ದೂರು ಬಂತು. ಒಳ್ಳೆಯ ಮನಸ್ಸು ಇದ್ದರೆ ಮಾತ್ರ ಸಾಲದು. ಕೆಲಸದ ಲೆಕ್ಕವೂ ಸರಿಯಾಗಿರಬೇಕು.

ಈಗ ಅಲ್ಲಿ ಹೇಗೆ ನಡೆಯುತ್ತದೆ?

ಇಂಗ್ಲೆಂಡಿನಲ್ಲಿ ಈಗ ಕೆಲಸ ಕಳೆದುಕೊಂಡವರಿಗೆ ಸರ್ಕಾರ ಭತ್ಯೆ ಕೊಡುತ್ತದೆ. ಭತ್ಯೆ ಪಡೆಯುವವರು ಕೆಲಸ ಹುಡುಕುತ್ತಲೇ ಇರಬೇಕು. ಆದರೆ ಕೆಲಸ ಕೇಳಲು ಹೋದರೆ ಮೊದಲ ಪ್ರಶ್ನೆ "ಅನುಭವ ಇದೆಯಾ?" ಅಂತ. ಅನುಭವ ಇಲ್ಲದೆ ಕೆಲಸ ಇಲ್ಲ. ಕೆಲಸ ಇಲ್ಲದೆ ಅನುಭವ ಎಲ್ಲಿಂದ ಬರಬೇಕು? ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅಂತಾರಲ್ಲ, ಹಾಗೆ.

ಈ ಗಂಟು ಬಿಡಿಸಲು ಒಂದು ದಾರಿ ಸ್ವಯಂಸೇವೆ. ಅಂದರೆ ನಮ್ಮ ಇಷ್ಟದಿಂದ, ಸಂಬಳ ಇಲ್ಲದೆ ಮಾಡುವ ಸೇವೆ.

ಸಾಲ್ವೇಷನ್ ಆರ್ಮಿಗೆ ಅಲ್ಲಿ ಬಹಳ ಊರುಗಳಲ್ಲಿ ಹಳೇ ಸಾಮಾನಿನ ಅಂಗಡಿಗಳಿವೆ. ಜನ ತಮಗೆ ಬೇಡವಾದ ಬಟ್ಟೆ, ಪಾತ್ರೆ, ಪುಸ್ತಕ, ಆಟಿಕೆಗಳನ್ನು ತಂದು ಕೊಡುತ್ತಾರೆ. ಅಂಗಡಿಯವರು ಅವನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಬಂದ ಲಾಭ ಸೇವೆಯ ಕೆಲಸಕ್ಕೆ ಹೋಗುತ್ತದೆ. ಈ ಉಪಾಯ ಹೊಸದೇನಲ್ಲ. ಮನೆಮನೆಯಿಂದ ಹಳೇ ಸಾಮಾನು ತಂದು, ರಿಪೇರಿ ಮಾಡಿ ಮಾರಬಹುದು ಅಂತ ಬೂತ್ 1890ರ ಪುಸ್ತಕದಲ್ಲೇ ಬರೆದಿದ್ದರು.

ಈ ಅಂಗಡಿಗಳಲ್ಲಿ ಸಂಬಳದ ಕೆಲಸಗಾರರು ಇರುತ್ತಾರೆ. ಜೊತೆಗೆ ಸ್ವಯಂಸೇವಕರೂ ಇರುತ್ತಾರೆ. ಸ್ವಯಂಸೇವಕರು ಕ್ರೈಸ್ತರೇ ಆಗಬೇಕು ಅಂತಿಲ್ಲ.

ಒಬ್ಬ ಹೆಂಗಸನ್ನು ನೆನೆಸಿಕೊಳ್ಳಿ

ಆಕೆಗೆ 40 ವರ್ಷ. 15 ವರ್ಷ ಮನೆ, ಮಕ್ಕಳು ಅಂತಲೇ ಕಳೆದಿದ್ದಾಳೆ. ಈಗ ಸಂಸಾರಕ್ಕೆ ದುಡ್ಡು ಬೇಕು. ಕೆಲಸ ಕೇಳಲು ಹೋದರೆ ನಾಲಿಗೆ ಒಣಗುತ್ತದೆ. "ನನಗೇನು ಬರುತ್ತೆ? ಅಡುಗೆ ಮಾಡೋದು, ಬಟ್ಟೆ ಒಗೆಯೋದು, ಅಷ್ಟೇ" ಅಂತ ಅವಳೇ ಅಂದುಕೊಂಡಿದ್ದಾಳೆ.

ವಾರಕ್ಕೆ ಎರಡು ಮಧ್ಯಾಹ್ನ ಅವಳು ಆ ಅಂಗಡಿಗೆ ಬರುತ್ತಾಳೆ. ಮೊದಲು ಹಿಂದಿನ ಕೋಣೆಯಲ್ಲಿ ಕೆಲಸ. ಬಟ್ಟೆಯ ಮೂಟೆ ಬಿಚ್ಚಬೇಕು. ಹರಿದದ್ದು, ಕರೆಯಾದದ್ದು ಬೇರೆ. ಮಾರಲು ಬರುವುದು ಬೇರೆ. ಇದು ಅವಳಿಗೆ ಹೊಸದಲ್ಲ. ಬಟ್ಟೆ ಮುಟ್ಟಿದ ಕೂಡಲೇ ಹತ್ತಿಯೋ ಉಣ್ಣೆಯೋ ಹೇಳುತ್ತಾಳೆ. ಮನೆಕೆಲಸದಲ್ಲಿ ಕಲಿತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು.

ಆಮೇಲೆ ಇಸ್ತ್ರಿ ಮಾಡಿ, ಅಳತೆ ನೋಡಿ, ಬೆಲೆ ಚೀಟಿ ಬರೆದು ತೂಗುಹಾಕುವುದನ್ನು ಕಲಿಯುತ್ತಾಳೆ. ಕೆಲವು ವಾರ ಕಳೆದ ಮೇಲೆ ಗಲ್ಲಾದ ಹತ್ತಿರ ನಿಲ್ಲುತ್ತಾಳೆ. ದುಡ್ಡು ಎಣಿಸುವ ಯಂತ್ರ ಹೇಗೆ ಒತ್ತಬೇಕು, ಚಿಲ್ಲರೆ ಹೇಗೆ ಕೊಡಬೇಕು, ಸಂಜೆ ಲೆಕ್ಕ ಹೇಗೆ ಮುಗಿಸಬೇಕು ಅಂತ ಕಲಿಯುತ್ತಾಳೆ. ಸಿಟ್ಟಾದ ಗಿರಾಕಿಯ ಹತ್ತಿರ ಸಮಾಧಾನದಿಂದ ಮಾತಾಡೋದನ್ನೂ ಕಲಿಯುತ್ತಾಳೆ. ಹೊತ್ತಿಗೆ ಸರಿಯಾಗಿ ಬರುವ ಅಭ್ಯಾಸ ಆಗುತ್ತದೆ.

ಅವಳಿಗೆ ಸಂಬಳ ಇಲ್ಲ. ಆದರೆ ಬಸ್ಸಿನ ಖರ್ಚು ಕೊಡುತ್ತಾರೆ. ಅವಳ ಕೈಯಿಂದ ಕಾಸು ಹೋಗಬಾರದು ಎಂಬುದು ನಿಯಮ. ಖರ್ಚಿನ ದುಡ್ಡು ಮಾತ್ರ ಪಡೆದು ಸ್ವಯಂಸೇವೆ ಮಾಡಿದರೆ ಸರ್ಕಾರದ ಭತ್ಯೆಯೂ ನಿಲ್ಲುವುದಿಲ್ಲ. ಕೆಲಸ ಹುಡುಕುವುದನ್ನು ಮಾತ್ರ ಬಿಡಬಾರದು.

ಕೆಲವು ತಿಂಗಳಾದ ಮೇಲೆ ಅವಳು ಊರಿನ ದೊಡ್ಡ ಅಂಗಡಿಗೆ ಕೆಲಸ ಕೇಳಲು ಹೋಗುತ್ತಾಳೆ ಅನ್ನಿ. "ಅನುಭವ ಇದೆಯಾ?" ಅಂತ ಕೇಳ್ತಾರೆ. "ಇದೆ ಸ್ವಾಮಿ. ಗಲ್ಲಾ ನೋಡಿಕೊಂಡಿದ್ದೇನೆ" ಅಂತ ಈಗ ಹೇಳಬಹುದು. ಅವಳು ನಂಬಿಕೆಯ ಕೆಲಸಗಾರ್ತಿ ಅಂತ ಬರೆದ ಪತ್ರವನ್ನು ಸಂಸ್ಥೆಯಿಂದ ಕೇಳಿ ಪಡೆಯಬಹುದು. ಕೆಲಸ ಸಿಕ್ಕೇ ಸಿಗುತ್ತೆ ಅಂತ ಯಾರೂ ಖಾತ್ರಿ ಕೊಡಲಾರರು. ಆದರೆ ನಾಲಿಗೆ ಒಣಗುವುದು ನಿಲ್ಲುತ್ತದೆ.

ಹ್ಯಾಡ್ಲಿಯ ಆ ಹಳೇ ಜಮೀನೂ ಸಂಸ್ಥೆಯ ಕೈಯಲ್ಲೇ ಉಳಿಯಿತು. 1990ರಲ್ಲಿ ಅಲ್ಲಿ ಒಂದು ತರಬೇತಿ ಕೇಂದ್ರ ಶುರುವಾಯಿತು. ಬುದ್ಧಿಗೆ ಬೇಗ ಹತ್ತದವರು, ಕಲಿಕೆಯಲ್ಲಿ ತೊಡಕು ಇರುವವರು ಅಲ್ಲಿ ತೋಟದ ಕೆಲಸ, ಮರಗೆಲಸ, ಅಡುಗೆ ಕಲಿತರು. ಇಂಥವರು ಯಾವ ಕೆಲಸಕ್ಕೂ ಬಾರದವರು ಅಂತ ಮೂಲೆಯಲ್ಲಿ ಕೂರಿಸುವ ಕಡೆ ಬಹಳ. ಅಲ್ಲಿ ಅವರ ಕೈಗೆ ಕೆಲಸ ಕೊಟ್ಟು ನಿಧಾನಕ್ಕೆ ಕಲಿಸಿದರು.

ಇಷ್ಟ ಇಲ್ಲದೆ ಮಾಡಿಸಿದರೆ?

"ಸಂಬಳ ಇಲ್ಲದೆ ಯಾಕ್ರೀ ದುಡೀಬೇಕು? ಇದು ಬಿಟ್ಟಿ ಚಾಕರಿ ಅಲ್ವಾ?" ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇಂಗ್ಲೆಂಡಿನ ಜನರೂ ಇದನ್ನೇ ಕೇಳಿದರು.

2011ರ ಸುಮಾರಿಗೆ ಅಲ್ಲಿನ ಸರ್ಕಾರ ಕೆಲವು ಯೋಜನೆ ತಂದಿತು. ಭತ್ಯೆ ಪಡೆಯುವವರನ್ನು ಕೆಲವು ವಾರ ಸಂಬಳ ಇಲ್ಲದ ಕೆಲಸಕ್ಕೆ ಕಳಿಸುತ್ತಿದ್ದರು. ಹೋಗದಿದ್ದರೆ ಭತ್ಯೆಗೆ ಕತ್ತರಿ. ಲಾಭದ ಅಂಗಡಿಗಳಿಗೂ ಕಳಿಸಿದರು, ಸೇವಾ ಸಂಸ್ಥೆಗಳಿಗೂ ಕಳಿಸಿದರು. ಸಾಲ್ವೇಷನ್ ಆರ್ಮಿಯೂ ಇದರಲ್ಲಿ ಕೈಜೋಡಿಸಿತು. ಅದಕ್ಕಾಗಿ ಟೀಕೆಯನ್ನೂ ಕೇಳಬೇಕಾಯಿತು.

ಒಬ್ಬ ಯುವತಿ ಕಾಲೇಜು ಓದಿ ಕೆಲಸ ಹುಡುಕುತ್ತಿದ್ದಳು. ತನ್ನ ಇಷ್ಟದಿಂದ ಒಂದು ವಸ್ತುಸಂಗ್ರಹಾಲಯದಲ್ಲಿ ಸ್ವಯಂಸೇವೆ ಮಾಡುತ್ತಿದ್ದಳು. ಮುಂದೆ ಅಂಥ ಕಡೆಯೇ ಕೆಲಸ ಹಿಡಿಯಬೇಕು ಎಂಬುದು ಅವಳ ಆಸೆ. ಅಧಿಕಾರಿಗಳು ಅದನ್ನು ಬಿಡಿಸಿ ಒಂದು ಅಂಗಡಿಗೆ ಕಳಿಸಿದರು. ಅಲ್ಲಿ ಅವಳು ಸಂಬಳ ಇಲ್ಲದೆ ಕಸ ಗುಡಿಸಬೇಕಾಯಿತು, ಸಾಮಾನು ಜೋಡಿಸಬೇಕಾಯಿತು. ಹೋಗದಿದ್ದರೆ ಭತ್ಯೆ ಸಿಗದು ಅಂತ ಅವಳಿಗೆ ಹೇಳಿದ್ದರು. ಅವಳು ನ್ಯಾಯಾಲಯಕ್ಕೆ ಹೋದಳು.

2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಇದು ಗುಲಾಮಗಿರಿ ಎಂಬ ಮಾತನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಸರ್ಕಾರದ ನಿಯಮ ಕಾನೂನಿನ ಪ್ರಕಾರ ಇರಲಿಲ್ಲ ಎಂದರು. ಜನರಿಗೆ ವಿವರ ಸರಿಯಾಗಿ ತಿಳಿಸಿಲ್ಲ ಎಂದೂ ಹೇಳಿದರು. ಅಷ್ಟರಲ್ಲಿ ಸರ್ಕಾರ ಹೊಸ ಕಾನೂನು ತಂದು ಯೋಜನೆಗೆ ಬಲ ಕೊಟ್ಟುಕೊಂಡಿತ್ತು. ಆದರೂ 2014ರಲ್ಲಿ ಹಲವು ಸೇವಾ ಸಂಸ್ಥೆಗಳು ಒಟ್ಟಾಗಿ ಒಂದು ಮಾತು ಹೇಳಿದವು. ಇಷ್ಟದಿಂದ ಬಂದರೆ ಅದು ಸೇವೆ, ಬೆದರಿಸಿ ಕಳಿಸಿದವರು ನಮಗೆ ಬೇಡ ಎಂದವು.

ಅಲ್ಲಿ ಇನ್ನೊಂದು ಕಾನೂನೂ ಇದೆ. 1998ರ ಕನಿಷ್ಠ ವೇತನ ಕಾಯ್ದೆ. ಅದರ ಪ್ರಕಾರ ಸೇವಾ ಸಂಸ್ಥೆಯಂಥ ಕಡೆ ಸಂಬಳ ಇಲ್ಲದ ಸ್ವಯಂಸೇವೆ ನಡೆಯಬಹುದು. ಆದರೆ ಲಾಭಕ್ಕೆ ವ್ಯಾಪಾರ ಮಾಡುವವನು ತನ್ನ ಕೆಲಸಗಾರ್ತಿಗೆ ಸ್ವಯಂಸೇವಕಿ ಅಂತ ಹೆಸರಿಟ್ಟು ಸಂಬಳ ತಪ್ಪಿಸುವ ಹಾಗಿಲ್ಲ.

ನಮ್ಮ ಕಡೆಯ ಮಾತು

ಸಾಲ್ವೇಷನ್ ಆರ್ಮಿ ನಮ್ಮ ದೇಶಕ್ಕೂ ಬಂದಿದೆ. 1882ರಲ್ಲಿ ಮುಂಬಯಿಗೆ ಬಂದಿಳಿದವರು ಅದನ್ನು ಇಲ್ಲಿ ಶುರು ಮಾಡಿದರು.

ಬಿಟ್ಟಿ ಚಾಕರಿಯ ನೋವು ನಮಗೆ ಹೊಸದಲ್ಲ. ಧಣಿಯ ಮನೆಯಲ್ಲಿ ಕೂಲಿ ಇಲ್ಲದೆ ದುಡಿದ ಅಜ್ಜ ಅಜ್ಜಿಯರ ಕಥೆ ಎಷ್ಟೋ ಮನೆಯಲ್ಲಿದೆ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ. 1976ರಲ್ಲಿ ಜೀತ ಪದ್ಧತಿಯನ್ನು ಕಾನೂನು ಮಾಡಿ ರದ್ದು ಮಾಡಿದರು. 1982ರಲ್ಲಿ ನಮ್ಮ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಅದು ಬಲವಂತದ ದುಡಿತವೇ ಎಂದಿತು.

ಅದೇ ಹೊತ್ತಿಗೆ, ಒಳ್ಳೆಯ ಸ್ವಯಂಸೇವೆಯೂ ನಮ್ಮ ನಡುವೆ ಇದೆ. ಸಾಕ್ಷರತಾ ಆಂದೋಲನ ನಡೆದದ್ದೇ ಸ್ವಯಂಸೇವಕರಿಂದ. ಸಂಜೆ ಕೆಲಸ ಮುಗಿಸಿ, ದೀಪದ ಬೆಳಕಲ್ಲಿ ಅ, ಆ ಕಲಿಸಿದ ಹುಡುಗ ಹುಡುಗಿಯರು ಸಾವಿರಾರು ಜನ. ಅವರು ಕಲಿಸುತ್ತಾ ತಾವೂ ಕಲಿತರು. ಹತ್ತು ಜನರ ಮುಂದೆ ನಿಂತು ಮಾತಾಡೋದು, ಹಾಜರಿ ಬರೆಯೋದು, ಸಭೆ ನಡೆಸೋದು, ಎಲ್ಲ ಬಂತು.

ಹಾಗಾದರೆ ಸೇವೆ ಯಾವುದು, ಬಿಟ್ಟಿ ಚಾಕರಿ ಯಾವುದು? ತಿಳಿಯೋದು ಹೇಗೆ? ನಾಳೆ ನಿಮ್ಮನ್ನೋ, ನಿಮ್ಮ ಮಗಳನ್ನೋ ಯಾರಾದರೂ ಹೀಗೆ ಕರೆಯಬಹುದು: "ಬಾ, ಕೆಲಸ ಕಲಿಸ್ತೀವಿ, ಸದ್ಯಕ್ಕೆ ಸಂಬಳ ಇಲ್ಲ." ಆಗ ನಾಚಿಕೆ ಬಿಟ್ಟು ಈ ಐದು ಪ್ರಶ್ನೆ ಕೇಳಿ:

1. ಇಲ್ಲಿ ನನಗೆ ಯಾವ ಕೆಲಸ ಕಲಿಸ್ತೀರಿ? ಯಾರು ಕಲಿಸ್ತಾರೆ?
2. ಎಷ್ಟು ದಿನ? ದಿನಕ್ಕೆ ಎಷ್ಟು ಹೊತ್ತು?
3. ಬಸ್ಸಿನ ಖರ್ಚು, ಊಟದ ಖರ್ಚು ಯಾರದು?
4. ನನಗೆ ಬೇಡ ಅನಿಸಿದರೆ ನಾಳೆಯೇ ಬಿಡಬಹುದಾ?
5. ಕಲಿತು ಮುಗಿಸಿದ ಮೇಲೆ ಬರವಣಿಗೆಯಲ್ಲಿ ಪತ್ರ ಕೊಡ್ತೀರಾ?

ಉತ್ತರ ನೇರವಾಗಿ ಬಂದರೆ ಯೋಚನೆ ಮಾಡಬಹುದು. "ಅದೆಲ್ಲ ನಿನಗ್ಯಾಕೆ? ಸುಮ್ಮನೆ ಬಾ" ಅಂದರೆ ಹುಷಾರಾಗಿರಿ. ಕಲಿಸುವ ಹೆಸರಲ್ಲಿ ವರ್ಷಗಟ್ಟಲೆ ಅದೇ ಕಸ ಗುಡಿಸುವ ಕೆಲಸ ಮಾಡಿಸಿದರೆ ಅದು ಕಲಿಕೆ ಅಲ್ಲ. ನಿಮ್ಮ ದುಡಿತದಿಂದ ಒಬ್ಬ ಧಣಿ ಲಾಭ ಮಾಡುತ್ತಿದ್ದರೆ ಅದಕ್ಕೆ ಕೂಲಿ ಕೊಡಲೇಬೇಕು.

ಇನ್ನೊಂದು ಮಾತು. ಪತ್ರ ಕೊಟ್ಟರೆ ಮಡಚಿ ಪೆಟ್ಟಿಗೆಯಲ್ಲಿ ಇಡಬೇಡಿ. ಮೊದಲು ನೀವೇ ಓದಿ. ನಿಮ್ಮ ಹೆಸರು ಸರಿಯಾಗಿದೆಯೇ? ಕಲಿತ ಕೆಲಸದ ಹೆಸರು ಬರೆದಿದ್ದಾರೆಯೇ? ತಾರೀಕು, ಸಹಿ ಇದೆಯೇ? ಈಗ ನಿಮಗೆ ಓದಲು ಬರುತ್ತದೆ. ಬೇರೆಯವರ ಕೈಗೆ ಕೊಟ್ಟು ಓದಿಸಬೇಕಾಗಿಲ್ಲ.

ಕೂತು ಮಾತಾಡೋಣ

- ಮನೆಯಲ್ಲಿ ನೀವು ಮಾಡುವ ಕೆಲಸಗಳನ್ನು ಪಟ್ಟಿ ಮಾಡಿ. ಅದರಲ್ಲಿ ಹೊರಗೆ ಕೂಲಿ ಸಿಗುವ ಕೆಲಸ ಯಾವುವು?
- ಹ್ಯಾನ್‌ಬರಿ ಬೀದಿಯ ಬಡಗಿಗಳ ಸಿಟ್ಟು ನ್ಯಾಯವೇ? ನೀವು ಏನು ಹೇಳುತ್ತೀರಿ?
- ನಿಮ್ಮ ಊರಲ್ಲಿ ಸಂಬಳ ಇಲ್ಲದೆ ಕೆಲಸ ಕಲಿತವರು ಯಾರಿದ್ದಾರೆ? ಅವರನ್ನು ಕೇಂದ್ರಕ್ಕೆ ಕರೆಸಿ. ಅವರಿಗೆ ಲಾಭ ಆಯಿತೋ ಮೋಸ ಆಯಿತೋ ಕೇಳಿ.
- ಮೇಲಿನ ಐದು ಪ್ರಶ್ನೆಗಳನ್ನು ನಿಮ್ಮ ಪುಸ್ತಕದಲ್ಲಿ ದುಂಡಾಗಿ ಬರೆದುಕೊಳ್ಳಿ. ಮಗಳಿಗೂ ಓದಿ ಹೇಳಿ.